ಗೋದಾಮಿನ ರಾತ್ರಿಗೆ ಬೇಗ ಹೋಗಿ

ಸೆಪ್ಟೆಂಬರ್ ಬಂತೆಂದರೆ ಮ್ಯಾಂಚೆಸ್ಟರ್‌ನಲ್ಲಿ ಎರಡು ಹಂಗಾಮುಗಳು ಒಟ್ಟಿಗೆ ಶುರುವಾಗುತ್ತವೆ. ಒಂದು ವಿಶ್ವವಿದ್ಯಾಲಯಗಳದ್ದು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಎಂಎಸ್‌ಸಿ, ಎಂಬಿಎ ಓದಲು ಹೊರಟವರು ಎರಡೆರಡು ಸೂಟ್‌ಕೇಸ್ ಎಳೆದುಕೊಂಡು ಬಂದಿಳಿಯುವ ಕಾಲ ಅದು. ಇನ್ನೊಂದು 'ದಿ ವೇರ್‌ಹೌಸ್ ಪ್ರಾಜೆಕ್ಟ್'ನದು. ಸೆಪ್ಟೆಂಬರ್‌ನಿಂದ ಹೊಸ ವರ್ಷದ ದಿನದವರೆಗೆ, ಮುಖ್ಯವಾಗಿ ವಾರಾಂತ್ಯಗಳಲ್ಲಿ, ಪಾಳುಬಿದ್ದಿದ್ದ ಹಳೆಯ ರೈಲು ನಿಲ್ದಾಣವೊಂದರಲ್ಲಿ ಜಗತ್ತು ಸುತ್ತುವ ಡಿಜೆಗಳು ಎಲೆಕ್ಟ್ರಾನಿಕ್ ಸಂಗೀತ ನುಡಿಸುತ್ತಾರೆ. ಕ್ಲಾಸು ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಸಹಪಾಠಿಗಳಲ್ಲಿ ಯಾರಾದರೊಬ್ಬರು "ಬರ್ತೀಯಾ?" ಎಂದು ಕೇಳಿಯೇ ಕೇಳುತ್ತಾರೆ.

ಬರುತ್ತೇನೆ ಎಂದವರಿಗಾಗಿ ಈ ಬರಹ. ಟಿಕೆಟ್ ಕೊಳ್ಳುವಲ್ಲಿಂದ ಮರುದಿನ ಕಿವಿ ಪರೀಕ್ಷಿಸಿಕೊಳ್ಳುವವರೆಗೆ ಬೇಕಾದ ವಿವರಗಳೆಲ್ಲ ಇಲ್ಲಿವೆ. ಎಲ್ಲದರ ಸಾರ ಒಂದೇ: ಬೇಗ ಹೋಗಿ. ದೊಡ್ಡ ಹೆಸರಿನ ಡಿಜೆ ನಡುರಾತ್ರಿ ದಾಟಿದ ಮೇಲೆ ಬರುವುದರಿಂದ ಹನ್ನೆರಡಕ್ಕೆ ಹೋದರೆ ಸಾಕು ಎಂಬ ನಂಬಿಕೆ ಹೊಸಬರಲ್ಲಿ ಗಟ್ಟಿಯಾಗಿದೆ. ಹಾಗೆ ಹೋದವರಿಗೆ ಉದ್ದನೆಯ ಸಾಲು, ತುಂಬಿದ ಸಭಾಂಗಣ ಮತ್ತು ಅರ್ಧ ರಾತ್ರಿ ಮಾತ್ರ ದಕ್ಕುತ್ತದೆ.

ಗೋದಾಮೇ ಏಕೆ?

ಈ ಸಂಗೀತಕ್ಕೂ ಗೋದಾಮಿಗೂ ಇರುವ ನಂಟು ಹಳೆಯದು. ಷಿಕಾಗೊದಲ್ಲಿ 1977ರಲ್ಲಿ ತೆರೆದ 'ದಿ ವೇರ್‌ಹೌಸ್' ಎಂಬ ಕ್ಲಬ್ಬಿನಲ್ಲಿ ಫ್ರಾಂಕಿ ನಕಲ್ಸ್ ನುಡಿಸುತ್ತಿದ್ದ ಸಂಗೀತಕ್ಕೇ ಮುಂದೆ 'ಹೌಸ್' ಎಂಬ ಹೆಸರು ಬಂತು. ಡೆಟ್ರಾಯ್ಟ್‌ನಲ್ಲಿ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮೊದಲಾದವರು ಟೆಕ್ನೊ ಕಟ್ಟಿದರು. ಆ ರೆಕಾರ್ಡುಗಳು ಅಟ್ಲಾಂಟಿಕ್ ದಾಟಿ ಮ್ಯಾಂಚೆಸ್ಟರ್‌ಗೆ ಬಂದಾಗ ಅವನ್ನು ಬರಮಾಡಿಕೊಂಡದ್ದು 'ಹಸಿಯೆಂಡಾ'. ಫ್ಯಾಕ್ಟರಿ ರೆಕಾರ್ಡ್ಸ್ ಮತ್ತು ನ್ಯೂ ಆರ್ಡರ್ ತಂಡದವರು ವಿಹಾರ ದೋಣಿ ಮಾರುವ ಮಳಿಗೆಯಾಗಿದ್ದ ಕಟ್ಟಡದಲ್ಲಿ 1982ರ ಮೇ ತಿಂಗಳಲ್ಲಿ ತೆರೆದ ಈ ಕ್ಲಬ್ 1997ರಲ್ಲಿ ಮುಚ್ಚಿತು. ಈಗ ಅಲ್ಲಿ ಅದೇ ಹೆಸರಿನ ಅಪಾರ್ಟ್‌ಮೆಂಟ್ ನಿಂತಿದೆ.

ಖಾಲಿ ಗೋದಾಮುಗಳಿಗೆ ಉತ್ತರ ಇಂಗ್ಲೆಂಡ್‌ನಲ್ಲಿ ಬರವಿರಲಿಲ್ಲ. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದವು. 1988ರಿಂದ 1990ರವರೆಗೆ ಬ್ಲ್ಯಾಕ್‌ಬರ್ನ್ ಊರಿನ ಸುತ್ತಲ ಖಾಲಿ ಕಟ್ಟಡಗಳಲ್ಲಿ ಪರವಾನಗಿಯಿಲ್ಲದ ಪಾರ್ಟಿಗಳಿಗೆ ಸಾವಿರಾರು ಜನ ಸೇರುತ್ತಿದ್ದರು. ಇಂಥ ಜಮಾವಣೆಗಳನ್ನು ತಡೆಯಲು ಸರ್ಕಾರ 1994ರಲ್ಲಿ ತಂದ ಕಾನೂನಿನಲ್ಲಿ, ಯಾವ ಸಂಗೀತಕ್ಕೆ ನಿರ್ಬಂಧ ಎಂದು ಹೇಳಲು 'ಮರುಕಳಿಸುವ ಬಡಿತಗಳ ಸರಣಿ' ಎಂಬ ಅರ್ಥದ ವ್ಯಾಖ್ಯೆಯನ್ನೇ ಬರೆದಿತ್ತು. ಇಂದಿನ ಗೋದಾಮು ಕಾರ್ಯಕ್ರಮಗಳು ಆ ಪಾರ್ಟಿಗಳ ಪರವಾನಗಿ ಪಡೆದ ಮಕ್ಕಳು.

ಈ ಗಿರಣಿಗಳ ಕತೆಯಲ್ಲಿ ಕರ್ನಾಟಕದ್ದೂ ಒಂದೆಳೆ ಇದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರ್‌ನ ವ್ಯಾಪಾರಿಗಳ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲು ಕಾರವಾರ ಬಂದರನ್ನು ಬೆಳೆಸಬೇಕೆಂದು ಅವರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವೂ ಇತ್ತು.

ವೇರ್‌ಹೌಸ್ ಪ್ರಾಜೆಕ್ಟ್ ಶುರುವಾದದ್ದು 2006ರಲ್ಲಿ, ಸ್ಟ್ರೇಂಜ್‌ವೇಸ್‌ನಲ್ಲಿ ಮುಚ್ಚಿಹೋಗಿದ್ದ ಬಾಡಿಂಗ್‌ಟನ್ಸ್ ಬಿಯರ್ ಕಾರ್ಖಾನೆಯೊಳಗೆ. ಮರುವರ್ಷ ಅದು ಪಿಕ್ಕಡಿಲಿ ರೈಲು ನಿಲ್ದಾಣದ ಅಡಿಯ ಸ್ಟೋರ್ ಸ್ಟ್ರೀಟ್ ಕಮಾನುಗಳಿಗೆ ಬಂತು. 2019ರಿಂದ ಅದರ ನೆಲೆ ಡಿಪೋ ಮೇಫೀಲ್ಡ್. 1910ರಲ್ಲಿ ಪಿಕ್ಕಡಿಲಿಯ ಪಕ್ಕದಲ್ಲಿ ಹೆಚ್ಚುವರಿ ನಿಲ್ದಾಣವಾಗಿ ಕಟ್ಟಿದ ಮೇಫೀಲ್ಡ್ 1960ರಲ್ಲಿ ಪ್ರಯಾಣಿಕರಿಗೆ ಮುಚ್ಚಿತು. 1970ರಿಂದ 1986ರವರೆಗೆ ಪಾರ್ಸೆಲ್ ಡಿಪೋ ಆಗಿತ್ತು. ಈಗ ಅಲ್ಲಿ ಒಂದು ರಾತ್ರಿಗೆ ಸುಮಾರು 10,000 ಜನ ಸೇರಬಹುದು. ಲಂಡನ್‌ನಲ್ಲೂ ಇದೇ ಕ್ರಮ: ಟಾಟನ್‌ಹ್ಯಾಮ್‌ನ ಐಕಿಯಾ ಪೀಠೋಪಕರಣ ಮಳಿಗೆ 2023ರಿಂದ 'ಡ್ರಮ್‌ಶೆಡ್ಸ್' ಆಗಿದೆ, ಅಲ್ಲಿ 15,000 ಜನರಿಗೆ ಜಾಗವಿದೆ. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಅಲ್ಲಿಗೂ ಹೊಂದುತ್ತದೆ.

ಟಿಕೆಟ್ ಮತ್ತು ಪೋಸ್ಟರ್

ಮೊದಲು ಪೋಸ್ಟರ್ ಓದುವುದನ್ನು ಕಲಿಯಿರಿ. ದಪ್ಪಕ್ಷರದಲ್ಲಿ ಇರುವವರು ಹೆಡ್‌ಲೈನರ್. ಎರಡು ಹೆಸರುಗಳ ನಡುವೆ 'ಬಿ ಟು ಬಿ' ಎಂದಿದ್ದರೆ ಇಬ್ಬರೂ ಸರದಿಯಂತೆ ಹಾಡು ಹಾಕುತ್ತ ಒಂದೇ ಸೆಟ್ ನಡೆಸುತ್ತಾರೆ. 'ಲೈವ್' ಎಂದಿದ್ದರೆ ಆ ಕಲಾವಿದರು ಸಿಂಥಸೈಜರ್, ಡ್ರಮ್ ಮಷೀನ್‌ಗಳಿಂದ ತಮ್ಮದೇ ಸಂಗೀತವನ್ನು ಅಲ್ಲೇ ಕಟ್ಟುತ್ತಾರೆ. 'ಆಲ್ ನೈಟ್ ಲಾಂಗ್' ಎಂದಿದ್ದರೆ ಒಬ್ಬರೇ ಡಿಜೆ ಬಾಗಿಲು ತೆರೆದಲ್ಲಿಂದ ಮುಚ್ಚುವವರೆಗೆ ನುಡಿಸುತ್ತಾರೆ. ಅಂಥ ರಾತ್ರಿ ಸಿಕ್ಕರೆ ಬಿಡಬೇಡಿ.

ಆಮೇಲೆ ಬಗೆ. ನಿಮಿಷಕ್ಕೆ ಎಷ್ಟು ಬಡಿತ ಎಂಬ ಲೆಕ್ಕವನ್ನು ಬಿಪಿಎಂ ಎನ್ನುತ್ತಾರೆ. ಹೌಸ್ ಸಾಮಾನ್ಯವಾಗಿ 120ರಿಂದ 128ರ ಆಸುಪಾಸು, ಟೆಕ್ನೊ 130ರಿಂದ 145ರವರೆಗೆ, ಡಬ್‌ಸ್ಟೆಪ್ 140, ಡ್ರಮ್ ಅಂಡ್ ಬೇಸ್ 170ಕ್ಕೂ ಮೇಲೆ. ಮೊದಲ ಸಲ ಹೋಗುವವರಿಗೆ ಹೌಸ್ ರಾತ್ರಿ ಸಲೀಸು. ಮಾಮೂಲಿ ನಡಿಗೆಗಿಂತ ಸ್ವಲ್ಪ ಚುರುಕಾದ ಆ ವೇಗದಲ್ಲಿ ಮೈ ನಾಲ್ಕೈದು ಗಂಟೆ ದಣಿಯದೆ ನಡೆಯುತ್ತದೆ. ಪೋಸ್ಟರಿನ ಮೂರು ಹೆಸರುಗಳನ್ನು ಆರಿಸಿ ಅವರ ಒಂದೊಂದು ಗಂಟೆಯ ಸೆಟ್ ಆನ್‌ಲೈನ್‌ನಲ್ಲಿ ಕೇಳಿ ನೋಡಿ. ಅಡುಗೆ ಮಾಡುತ್ತ ಕೇಳಲು ಬೇಸರವಾಗದಿದ್ದರೆ ಟಿಕೆಟ್ ತೆಗೆದುಕೊಳ್ಳಬಹುದು.

ಟಿಕೆಟ್ ದರ ಹಂತಹಂತವಾಗಿ ಏರುತ್ತದೆ. ಮೊದಲ ಕಂತಿನದು ಅಗ್ಗ, 'ಫೈನಲ್ ರಿಲೀಸ್' ಎಂಬ ಕೊನೆಯ ಕಂತಿನದು ದುಬಾರಿ. ಎಲ್ಲ ಮಾರಿಹೋಗಿದ್ದರೆ ಹೆದರಬೇಡಿ. ಕಾರ್ಯಕ್ರಮದ ವಾರ ಬಂದಾಗ ಯಾರಿಗೋ ಅಸೈನ್‌ಮೆಂಟ್, ಯಾರಿಗೋ ಜ್ವರ. ರೆಸಿಡೆಂಟ್ ಅಡ್ವೈಸರ್, ಡೈಸ್ ಮುಂತಾದ ಮಾರಾಟ ವೇದಿಕೆಗಳಲ್ಲೇ ಮರುಮಾರಾಟದ ವ್ಯವಸ್ಥೆಯಿದೆ. ಅಲ್ಲಿ ಹಳೆಯ ಟಿಕೆಟ್ ರದ್ದಾಗಿ ನಿಮ್ಮ ಹೆಸರಿಗೆ ಹೊಸದು ಬರುವುದರಿಂದ ಮೋಸಕ್ಕೆ ಎಡೆ ಕಡಿಮೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಪರಿಚಿತರು ಕಳಿಸುವ ಸ್ಕ್ರೀನ್‌ಶಾಟ್‌ಗೆ ದುಡ್ಡು ಹಾಕಬೇಡಿ. ಒಂದೇ ಕ್ಯೂಆರ್ ಕೋಡನ್ನು ಹತ್ತು ಜನರಿಗೆ ಮಾರಿದ್ದರೆ ಮೊದಲು ತೋರಿಸಿದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ.

ಟಿಕೆಟ್ ಮೇಲೆ ಮೂರು ಸಂಗತಿ ತಪ್ಪದೆ ನೋಡಿ: ಬಾಗಿಲು ತೆರೆಯುವ ಹೊತ್ತು, 'ಲಾಸ್ಟ್ ಎಂಟ್ರಿ' ಮತ್ತು ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರೆಯೇ ಎಂಬುದು. ಕೊನೆಯ ಪ್ರವೇಶದ ಹೊತ್ತು ಮೀರಿದರೆ ಟಿಕೆಟ್ ಇದ್ದೂ ಒಳಗೆ ಹೋಗಲಾಗದು. ಬಹುತೇಕ ಕಡೆ ಮರುಪ್ರವೇಶವೂ ಇಲ್ಲ.

ಹೊರಡುವ ಮುನ್ನ

ಗುರುತಿನ ಚೀಟಿಯ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ತೊಡಕಿದೆ. 18 ತುಂಬಿದವರಿಗಷ್ಟೇ ಪ್ರವೇಶ, ವಯಸ್ಸಿಗೆ ಅಸಲಿ ದಾಖಲೆ ತೋರಿಸಬೇಕು. ಫೋನಿನಲ್ಲಿರುವ ಪಾಸ್‌ಪೋರ್ಟ್ ಫೋಟೊ ನಡೆಯುವುದಿಲ್ಲ. ಮೊದಲು ವಿದೇಶಿ ವಿದ್ಯಾರ್ಥಿಗಳ ಕೈಯಲ್ಲಿ ಬಿಆರ್‌ಪಿ ಎಂಬ ಕಾರ್ಡ್ ಇರುತ್ತಿತ್ತು. 2024ರ ಕೊನೆಗೆ ಅದು ಮುಗಿದು ಎಲ್ಲರೂ ಇ-ವೀಸಾಕ್ಕೆ ಬಂದಿದ್ದಾರೆ. ಹಾಗಾಗಿ ಉಳಿದದ್ದು ಪಾಸ್‌ಪೋರ್ಟ್ ಒಂದೇ. ಅದನ್ನು ಹತ್ತು ಸಾವಿರ ಜನರ ನಡುವೆ ಜೇಬಿನಲ್ಲಿಟ್ಟುಕೊಂಡು ಕುಣಿಯುವುದು ಒಳ್ಳೆಯದಲ್ಲ. ಕಳೆದರೆ ಪೊಲೀಸ್ ದೂರು, ಮ್ಯಾಂಚೆಸ್ಟರ್‌ನಲ್ಲಿ 2025ರ ಮಾರ್ಚ್‌ನಲ್ಲಿ ತೆರೆದ ಭಾರತೀಯ ಕಾನ್ಸುಲೇಟ್‌ಗೆ ಅಲೆದಾಟ, ಹೊಸ ಪಾಸ್‌ಪೋರ್ಟ್‌ಗೆ ಕಾಯುವುದು ಎಲ್ಲ ಬರುತ್ತದೆ. ಕನಿಷ್ಠ 185 ದಿನ ಬ್ರಿಟನ್‌ನಲ್ಲಿರಲು ಅನುಮತಿ ಇರುವವರು ಪ್ರಾವಿಷನಲ್ ಡ್ರೈವಿಂಗ್ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಕಾರು ಓಡಿಸುವ ಯೋಚನೆ ಇಲ್ಲದವರೂ ಗುರುತಿನ ಚೀಟಿಗಾಗಿಯೇ ಇದನ್ನು ಮಾಡಿಸುತ್ತಾರೆ. 'ಪಾಸ್' ಹೊಲೊಗ್ರಾಂ ಇರುವ ವಯೋಪ್ರಮಾಣ ಕಾರ್ಡ್ ಇನ್ನೊಂದು ದಾರಿ. ಬಂದ ಮೊದಲ ವಾರವೇ ಅರ್ಜಿ ಹಾಕಿದರೆ ಅಕ್ಟೋಬರ್ ಹೊತ್ತಿಗೆ ಕೈಯಲ್ಲಿರುತ್ತದೆ.

ಬಟ್ಟೆಯ ಲೆಕ್ಕ ಹೊರಗೊಂದು, ಒಳಗೊಂದು. ನವೆಂಬರ್ ರಾತ್ರಿಯ ಸಾಲಿನಲ್ಲಿ ಚಳಿ, ಮಳೆ ಎರಡೂ ಇರುತ್ತದೆ. ಒಳಗೆ ಜನದ ಬಿಸಿಗೆ ಅರ್ಧ ಗಂಟೆಯಲ್ಲಿ ಬೆವರು. ತೆಳುವಾದ ಟಿ-ಶರ್ಟ್ ಮೇಲೆ ಮಡಚಿ ಸೊಂಟಕ್ಕೆ ಕಟ್ಟಿಕೊಳ್ಳಬಹುದಾದ ಜಾಕೆಟ್ ಸಾಕು. ನೆಲ ಕಾಂಕ್ರೀಟು, ಅದಕ್ಕೆ ಪಳಗಿದ ಸ್ನೀಕರ್ಸ್ ಬೇಕು. ಹೊಸ ಶೂ, ಹಿಮ್ಮಡಿ ಎತ್ತರದ ಚಪ್ಪಲಿ, ಬೆರಳು ಕಾಣುವ ಸ್ಯಾಂಡಲ್ ಮನೆಯಲ್ಲೇ ಇರಲಿ. ಬ್ಯಾಗ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಯನ್ನು ಕಾರ್ಯಕ್ರಮದ ಪುಟದಲ್ಲಿ ಹಾಕಿರುತ್ತಾರೆ, ಬ್ಯಾಗ್ ಇಲ್ಲದಿದ್ದರೆ ಇನ್ನೂ ಹಗುರ.

ಹೊಟ್ಟೆ ತುಂಬ ಊಟ ಮಾಡಿ, ಆದರೆ ಹೊರಡುವ ಎರಡು ಗಂಟೆ ಮೊದಲು. ಅನ್ನ ಸಾರಾದರೂ ಸರಿ, ಚಪಾತಿ ಪಲ್ಯವಾದರೂ ಸರಿ. ಒಳಗೆ ಸಿಗುವುದು ಬರ್ಗರ್, ಚಿಪ್ಸ್, ಪಿಜ್ಜಾದಂಥವು, ಬೆಲೆಯೂ ಹೊರಗಿಗಿಂತ ಹೆಚ್ಚು. ಫೋನ್ ಪೂರ್ತಿ ಚಾರ್ಜ್ ಆಗಿರಲಿ. ಟಿಕೆಟ್, ದುಡ್ಡು, ಟ್ಯಾಕ್ಸಿ ಮೂರೂ ಅದರಲ್ಲೇ ಇದೆ. ಕಾರ್ಡನ್ನು ಬೇರೆ ಜೇಬಿನಲ್ಲಿಡಿ.

ಬಾಗಿಲಲ್ಲಿ

ಡಿಪೋ ಮೇಫೀಲ್ಡ್ ಪಿಕ್ಕಡಿಲಿ ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆ. ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಸಾಲು ಸರಸರನೆ ಸರಿಯುತ್ತದೆ. ಆಮೇಲೆ ನಗರದ ಪಬ್‌ಗಳಲ್ಲಿ ಕುಡಿದು ಮುಗಿಸಿದವರು ಒಮ್ಮೆಲೇ ಬರುತ್ತಾರೆ.

ಬಾಗಿಲಲ್ಲಿರುವ ಭದ್ರತಾ ಸಿಬ್ಬಂದಿ, ಖಾಸಗಿ ಭದ್ರತೆಯ ನಿಯಂತ್ರಣ ಸಂಸ್ಥೆಯಾದ ಎಸ್‌ಐಎ ಪರವಾನಗಿಯ ಬ್ಯಾಡ್ಜ್ ಧರಿಸಿರುತ್ತಾರೆ. ಮೈ, ಜೇಬು, ಬ್ಯಾಗ್ ತಪಾಸಣೆ ಇದ್ದೇ ಇರುತ್ತದೆ. 2017ರ ಮೇ 22ರಂದು ಇದೇ ನಗರದ ಅರೀನಾದಲ್ಲಿ ಸಂಗೀತ ಕಾರ್ಯಕ್ರಮ ಮುಗಿಯುವಾಗ ಬಾಂಬ್ ಸ್ಫೋಟಿಸಿ 22 ಜನ ಸತ್ತರು. ಅವರಲ್ಲೊಬ್ಬರಾದ ಮಾರ್ಟಿನ್ ಹೆಟ್ ಹೆಸರಿನಿಂದ ಕರೆಯಲಾಗುವ, ಸಾರ್ವಜನಿಕ ಸ್ಥಳಗಳ ಸುರಕ್ಷತೆಯ ಕಾನೂನು 2025ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆಯಿತು. ಮ್ಯಾಂಚೆಸ್ಟರ್‌ನಲ್ಲಿ ತಪಾಸಣೆಯನ್ನು ಯಾರೂ ಕಿರಿಕಿರಿ ಎಂದು ಭಾವಿಸದಿರುವುದು ಇದರಿಂದಲೇ. ಔಷಧಿ ತೆಗೆದುಕೊಳ್ಳುವವರು ಅದನ್ನು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯ ಜೊತೆ ಒಯ್ಯಿರಿ. ಇನ್‌ಹೇಲರ್, ಇನ್ಸುಲಿನ್ ಇದ್ದರೆ ಮೊದಲೇ ಹೇಳಿಬಿಡಿ.

ಒಳಗೆ ಹೋದೊಡನೆ ಕ್ಲೋಕ್‌ರೂಮ್. ಬೇಗ ಬಂದವರ ಕೋಟು ಐದು ನಿಮಿಷದಲ್ಲಿ ಒಳ ಸೇರುತ್ತದೆ. ಟೋಕನ್‌ನ ಫೋಟೊ ತೆಗೆದಿಟ್ಟುಕೊಳ್ಳಿ.

ಮೊದಲ ಗಂಟೆ

ಇನ್ನೂ ಜನ ತುಂಬಿಲ್ಲ. ಈ ಹೊತ್ತಿನಲ್ಲಿ ಒಮ್ಮೆ ಪೂರ್ತಿ ಸುತ್ತಿ ಬನ್ನಿ. ತುರ್ತು ಬಾಗಿಲುಗಳು ಎಲ್ಲಿವೆ, ಶೌಚಾಲಯ ಎಲ್ಲಿ, ವೈದ್ಯಕೀಯ ನೆರವಿನ ಜಾಗ ಎಲ್ಲಿ ನೋಡಿಕೊಳ್ಳಿ. ಮೇಫೀಲ್ಡ್‌ನಲ್ಲಿ ಮುಖ್ಯ ಸಭಾಂಗಣವಾದ 'ಡಿಪೋ' ಅಲ್ಲದೆ 'ಕಾನ್‌ಕೋರ್ಸ್', 'ಆರ್ಕೈವ್' ಎಂಬ ಚಿಕ್ಕ ಸಭಾಂಗಣಗಳೂ ಇವೆ. ಗೆಳೆಯರು ಚದುರಿದರೆ ಎಲ್ಲಿ ಸೇರುವುದು ಎಂದು ಈಗಲೇ ಗೊತ್ತುಮಾಡಿ. "ಗಂಟೆ ಒಂದಾದಾಗ ಕ್ಲೋಕ್‌ರೂಮ್ ಎದುರು" ಎಂಬಂಥ ಮಾತು ಸಾಕು. ಜನ ತುಂಬಿದ ಮೇಲೆ ಫೋನಿಗೆ ಸಿಗ್ನಲ್ ಸಿಗುವುದು ಅನುಮಾನ.

ಇನ್ನು ಸಂಗೀತ. ಬೇಗ ಹೋಗಿ ಎಂದದ್ದಕ್ಕೆ ದೊಡ್ಡ ಕಾರಣ ಇಲ್ಲಿದೆ. ಪ್ರವಾಸಿ ಡಿಜೆಯ ಬದುಕು ಹೀಗೆ: ಶುಕ್ರವಾರ ಒಂದೂರು, ಶನಿವಾರ ಇನ್ನೊಂದೂರು, ಭಾನುವಾರ ಮತ್ತೊಂದು. ಯುಎಸ್‌ಬಿ ಕಡ್ಡಿ ಮತ್ತು ಹೆಡ್‌ಫೋನ್ ಹಿಡಿದು ಬರುತ್ತಾರೆ. ಪ್ಲೇಯರ್, ಮಿಕ್ಸರ್ ಸ್ಥಳದಲ್ಲೇ ಇರುತ್ತದೆ. ಸಿಗುವುದು ಒಂದೂವರೆ ಎರಡು ಗಂಟೆ. ಅಷ್ಟರಲ್ಲಿ ತಮ್ಮ ಅತ್ಯಂತ ಬಲವಾದ ಹಾಡುಗಳನ್ನು ಹಾಕಿ ಮುಂದಿನ ವಿಮಾನ ಹಿಡಿಯಬೇಕು. ಅವರು ರಾತ್ರಿಯ ಶಿಖರವನ್ನಷ್ಟೇ ನುಡಿಸುತ್ತಾರೆ. ಅಲ್ಲಿಯವರೆಗೆ ಹತ್ತಿಸುವ ಕೆಲಸ ಮೊದಲು ನುಡಿಸುವ ಡಿಜೆಯದು. ಬಹಳ ಸಲ ಅದು ಆ ಸ್ಥಳದ ಕಾಯಂ ಡಿಜೆ ಅಥವಾ ಊರಿನವರೇ. ಈ ಸಭಾಂಗಣದಲ್ಲಿ ಯಾವ ಸದ್ದು ಹೇಗೆ ಕೇಳುತ್ತದೆ ಎಂಬುದು ಅವರಿಗೆ ಗೊತ್ತು. ವಾರ್ಮ್-ಅಪ್ ಡಿಜೆ ಎಷ್ಟೇ ಗಟ್ಟಿಗರಾದರೂ ಅಬ್ಬರದ ಹಾಡನ್ನು ಕೈಯಲ್ಲೇ ಹಿಡಿದಿಟ್ಟುಕೊಳ್ಳುತ್ತಾರೆ. ಮುಂದಿನವರಿಗೆ ಜಾಗ ಬಿಡುವುದು ಆ ಕಸುಬಿನ ನಿಯಮ.

ರಾತ್ರಿಯಿಡೀ ಕೂತು ಯಕ್ಷಗಾನ ಬಯಲಾಟ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷಗಳು ಕುಣಿದು ಹೋಗುವಷ್ಟರಲ್ಲಿ ಭಾಗವತರ ಗಂಟಲು, ಚೆಂಡೆ ಮದ್ದಳೆಯವರ ಕೈ, ನೋಡುವವರ ಕಿವಿ ಮೂರೂ ಹದಕ್ಕೆ ಬಂದಿರುತ್ತವೆ. ನಡುರಾತ್ರಿ ಕಳೆದು ಬಣ್ಣದ ವೇಷ ನೋಡಲೆಂದೇ ಬಂದವನಿಗೆ ಅಬ್ಬರ ಸಿಗುತ್ತದೆ, ಅದು ಏರಿ ಬಂದ ದಾರಿ ಸಿಗುವುದಿಲ್ಲ.

ಕೇಳುವುದು ಹೇಗೆ? ಮೊದಲು ಬೇಸ್ ಡ್ರಮ್ ಹಿಡಿಯಿರಿ, ಒಂದೊಂದು ಎಣಿಕೆಗೂ ಅದು ಬಡಿಯುತ್ತದೆ. ಅದರ ಮೇಲೆ ಹೈ-ಹ್ಯಾಟ್‌ನ ತೆಳು ಸದ್ದು ಎಣಿಕೆಗಳ ನಡುವೆ ಬೀಳುತ್ತದೆ. ಪ್ರತಿ ಹದಿನಾರು ಅಥವಾ ಮೂವತ್ತೆರಡು ಆವರ್ತಕ್ಕೆ ಏನೋ ಒಂದು ಸೇರುತ್ತದೆ ಇಲ್ಲವೇ ಬಿಟ್ಟುಹೋಗುತ್ತದೆ. ಒಂದು ಹಾಡಿನೊಳಗೆ ಇನ್ನೊಂದು ಯಾವಾಗ ನುಸುಳಿತು ಎಂದು ಗುರುತಿಸಲು ಯತ್ನಿಸಿ. ಡಿಜೆ ಮೊದಲ ಹಾಡಿನ ಬೇಸ್ ತಗ್ಗಿಸಿ ಎರಡನೆಯದರ ಬೇಸ್ ಏರಿಸುವ ಗಳಿಗೆಯನ್ನು ಕಿವಿಗಿಂತ ಮೊದಲು ಎದೆ ಹಿಡಿಯುತ್ತದೆ. ಖಾಲಿ ಸಭಾಂಗಣದಲ್ಲಿ ಇಟ್ಟಿಗೆ, ಕಬ್ಬಿಣಕ್ಕೆ ಬಡಿದು ಸದ್ದು ಸ್ವಲ್ಪ ಮಸುಕಾಗಿರುತ್ತದೆ ಎಂಬುದೂ ನಿಜ. ಜನ ತುಂಬಿದಂತೆ ಮೈಗಳು ಆ ಪ್ರತಿಧ್ವನಿಯನ್ನು ಹೀರಿಕೊಂಡು ಸದ್ದು ತಿಳಿಯಾಗುತ್ತದೆ. ಆ ಬದಲಾವಣೆ ಕೇಳಲಿಕ್ಕೂ ಮೊದಲಿನಿಂದ ಅಲ್ಲಿರಬೇಕು.

ಕಿವಿ

ಇದೊಂದು ವಿಷಯದಲ್ಲಿ ಸಲಿಗೆ ಬೇಡ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್‌ನ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಇಂಥ ಸ್ಥಳಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾನದಂಡ ಹೇಳುವ ಗರಿಷ್ಠ ಸರಾಸರಿಯೇ 100 ಡೆಸಿಬೆಲ್. ಅದರೊಳಗೆ ಐದು ಗಂಟೆ ನಿಂತರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯಲ್ಲಿ ನಿಲ್ಲದ ಗುಂಯ್‌ಗುಡುವಿಕೆ, ಅಂದರೆ ಟಿನಿಟಸ್, ಇಪ್ಪತ್ತೆರಡನೇ ವಯಸ್ಸಿಗೂ ಬರಬಹುದು.

ಇದಕ್ಕೆ ಇಯರ್‌ಪ್ಲಗ್ ಬೇಕು. ಔಷಧಿ ಅಂಗಡಿಯ ಫೋಮ್ ಪ್ಲಗ್ ಸದ್ದು ತಗ್ಗಿಸುತ್ತದೆ, ಆದರೆ ಮೇಲಿನ ಸ್ವರಗಳನ್ನು ಹೆಚ್ಚು ನುಂಗುವುದರಿಂದ ಸಂಗೀತ ಮಂಕಾಗುತ್ತದೆ. ಸಂಗೀತಕ್ಕೆಂದೇ ಮಾಡಿದ, ಫಿಲ್ಟರ್ ಇರುವ ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಸಮನಾಗಿ 15ರಿಂದ 20 ಡೆಸಿಬೆಲ್ ಇಳಿಸುತ್ತವೆ. ಆಗ 100 ಇದ್ದದ್ದು 80–85ಕ್ಕೆ ಬರುತ್ತದೆ. ಸಡಿಲವಾಗಿ ಕೂತರೆ ಅಷ್ಟು ಫಲವಿಲ್ಲ, ಮನೆಯಲ್ಲೇ ಹಾಕಿ ಅಭ್ಯಾಸ ಮಾಡಿ. ಒಳಗೆ ಕಾಲಿಡುವ ಮುನ್ನವೇ ಹಾಕಿ. ಕಿವಿ ನೊಂದ ಮೇಲೆ ಹಾಕಿದರೆ ತಡವಾಯಿತು.

ನಿಲ್ಲುವ ಜಾಗವೂ ಮುಖ್ಯ. ಸ್ಪೀಕರ್ ಗೋಡೆಯ ಎದುರು ನಿಲ್ಲಬೇಡಿ. ಧ್ವನಿ ತಂತ್ರಜ್ಞರು ಕೂರುವ ಮಿಕ್ಸಿಂಗ್ ಡೆಸ್ಕ್ ಸಭಾಂಗಣದ ನಡುವಲ್ಲಿರುತ್ತದೆ. ಅವರು ಸದ್ದನ್ನು ಸರಿಹೊಂದಿಸುವುದು ತಮಗೆ ಕೇಳುವಂತೆಯೇ ಆದ್ದರಿಂದ ಅದರ ಆಸುಪಾಸಿನಲ್ಲಿ ಎಲ್ಲ ಸ್ಪಷ್ಟ. 50 ಹರ್ಟ್ಸ್ ಬೇಸ್ ಸ್ವರದ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಅದು ಮೂಲೆ, ಗೋಡೆಗಳ ಬಳಿ ಗುಡ್ಡೆಯಾಗಿ ಬೇರೆಲ್ಲವನ್ನೂ ಮುಚ್ಚಿಬಿಡುತ್ತದೆ. ಗಂಟೆಗೊಮ್ಮೆ ಹೊರಗಿನ ಅಂಗಳದಲ್ಲೋ ಮೆಟ್ಟಿಲ ಬಳಿಯೋ ಹತ್ತು ನಿಮಿಷ ಕಿವಿಗೆ ವಿರಾಮ ಕೊಡಿ.

ನೆಲದ ಮೇಲಿನ ಮರ್ಯಾದೆ

ಇಲ್ಲಿ ಯಾರೂ ಹೆಜ್ಜೆ ಕಲಿತು ಬಂದಿರುವುದಿಲ್ಲ. ಕಣ್ಣು ಮುಚ್ಚಿ ತಲೆಯಾಡಿಸಿದರೂ ಅದು ಕುಣಿತವೇ. ಮುಂದೆ ಹೋಗಬೇಕೆಂದರೆ ಬದಿಯಿಂದ ಹೋಗಿ, ಹೆಗಲು ಮುಟ್ಟಿ "ಸಾರಿ" ಅನ್ನಿ, ಹತ್ತು ಜನ ಸರಪಳಿ ಕಟ್ಟಿಕೊಂಡು ನುಗ್ಗಬೇಡಿ. ಹರಟೆ ಹೊಡೆಯಬೇಕಿದ್ದರೆ ಹಿಂದೆ ಬನ್ನಿ. ಫೋನ್ ಎತ್ತಿ ಒಂದೆರಡು ತುಣುಕು ತೆಗೆದರೆ ಯಾರೂ ಬೇಡವೆನ್ನರು, ಫ್ಲ್ಯಾಶ್ ಮಾತ್ರ ಬೇಡ. ಕೆಲವು ಕಾರ್ಯಕ್ರಮಗಳಲ್ಲಿ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ, ಆಗ ಅದನ್ನು ಕೀಳಬೇಡಿ. ಡಿಜೆಗೆ ಹಾಡಿನ ಕೋರಿಕೆ ಕೊಡುವ ಪದ್ಧತಿ ಇಲ್ಲಿಲ್ಲ.

ಇಕ್ಕಟ್ಟು ಎಂಬುದು ಯಾರ ಮೈಯನ್ನೂ ಮುಟ್ಟಲು ಪರವಾನಗಿಯಲ್ಲ. ಯಾರಾದರೂ ಕಾಡಿದರೆ ಹತ್ತಿರದ ಸಿಬ್ಬಂದಿಗೆ ಹೇಳಿ. ಬಾರ್‌ನಲ್ಲಿ "ಏಂಜೆಲಾ ಇದ್ದಾರಾ?" ಎಂದು ಕೇಳಿದರೆ ಸಾಕು, ನಿಮಗೆ ಸಹಾಯ ಬೇಕೆಂದು ಸಿಬ್ಬಂದಿ ಅರ್ಥ ಮಾಡಿಕೊಳ್ಳುತ್ತಾರೆ. 2016ರಲ್ಲಿ ಲಿಂಕನ್‌ಶೈರ್‌ನಲ್ಲಿ ಶುರುವಾದ ಈ ಸಂಕೇತ ಈಗ ಬ್ರಿಟನ್‌ನ ಬಹಳಷ್ಟು ಬಾರ್, ಕ್ಲಬ್‌ಗಳಲ್ಲಿ ನಡೆಯುತ್ತದೆ. ಮೂರ್ಛೆರೋಗ ಇರುವವರು ಸ್ಟ್ರೋಬ್ ದೀಪಗಳ ಬಗ್ಗೆ ಆಯೋಜಕರನ್ನು ಮೊದಲೇ ವಿಚಾರಿಸಬೇಕು. ಬೆಳಕಿನ ಮಿಂಚಿನಿಂದ ಸೆಳವು ಬರುವುದು ಮೂರ್ಛೆರೋಗಿಗಳಲ್ಲಿ ಸುಮಾರು 3 ಪ್ರತಿಶತ ಜನರಿಗಾದರೂ, ಅವರಿಗೆ ಅಪಾಯ ದೊಡ್ಡದು.

ನೀರು, ಮದ್ಯ, ಮಾದಕವಸ್ತು

ಇಂಗ್ಲೆಂಡ್‌ನಲ್ಲಿ ಮದ್ಯದ ಪರವಾನಗಿ ಇರುವ ಸ್ಥಳದಲ್ಲಿ ಕೇಳಿದವರಿಗೆ ಕುಡಿಯುವ ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕು, ಇದು ಕಾನೂನು. "ಟ್ಯಾಪ್ ವಾಟರ್" ಎಂದು ಕೇಳಿ, ಬಾಟಲಿಗೆ ದುಡ್ಡು ಕೊಡಬೇಡಿ. ಕುಡಿಯುವವರು ಒಂದು ಬಿಯರ್ ಆದಮೇಲೆ ಒಂದು ಲೋಟ ನೀರು ಎಂಬ ಲೆಕ್ಕ ಇಟ್ಟುಕೊಂಡರೆ ಕೊನೆಯವರೆಗೂ ನಿಲ್ಲಬಹುದು. ಕುಡಿಯದವರು ಮುಜುಗರಪಡಬೇಕಿಲ್ಲ. ಇಂಥ ರಾತ್ರಿಗಳಲ್ಲಿ ಕುಡಿಯದೆ ಕುಣಿಯುವವರು ಧಾರಾಳವಾಗಿ ಸಿಗುತ್ತಾರೆ. ಲೋಟವನ್ನು ಕೈಯಿಂದ ಬಿಡಬೇಡಿ, ಬಿಟ್ಟುಹೋಗಿದ್ದರೆ ಮತ್ತೆ ಕುಡಿಯಬೇಡಿ.

ಮಾದಕವಸ್ತುವಿನ ಮಾತು ಬಿಟ್ಟು ಈ ಲೇಖನ ಬರೆದರೆ ಅದು ನಟನೆಯಾದೀತು. ಯಾರಾದರೂ ಕೊಡಲು ಬರಬಹುದು. ಬ್ರಿಟನ್‌ನಲ್ಲಿ ಎಂಡಿಎಂಎ 'ಕ್ಲಾಸ್ ಎ' ವಸ್ತು, ಇಟ್ಟುಕೊಂಡರೆ 7 ವರ್ಷದವರೆಗೆ ಶಿಕ್ಷೆಯಾಗಬಹುದು. ಬಲೂನಿನಲ್ಲಿ ಎಳೆಯುವ ನೈಟ್ರಸ್ ಆಕ್ಸೈಡ್ 2023ರ ನವೆಂಬರ್‌ನಿಂದ 'ಕ್ಲಾಸ್ ಸಿ'. ಗೆಳೆಯನಿಗಾಗಿ ಎರಡು ಮಾತ್ರೆ ಜೇಬಿನಲ್ಲಿಟ್ಟು ಕೊಟ್ಟರೂ, ದುಡ್ಡು ಪಡೆಯದಿದ್ದರೂ, ಅದು 'ಪೂರೈಕೆ' ಎಂಬ ಇನ್ನೂ ದೊಡ್ಡ ಅಪರಾಧ. ವೀಸಾದ ಮೇಲಿರುವವರಿಗೆ ಶಿಕ್ಷೆಯಾದರೆ ಓದು, ಕೆಲಸ ಎರಡೂ ಕೈತಪ್ಪಬಹುದು. ಆರೋಗ್ಯದ ಲೆಕ್ಕ ಬೇರೆ: ಮಾತ್ರೆಯೊಳಗೆ ಏನಿದೆ, ಎಷ್ಟಿದೆ ಎಂದು ನೋಡಿ ಹೇಳಲಾಗದು. 2013ರಲ್ಲಿ ಹುಟ್ಟಿದ 'ದಿ ಲೂಪ್' ಎಂಬ ಸ್ವಯಂಸೇವಾ ಸಂಸ್ಥೆ ಇಂಥ ಮಾದರಿಗಳನ್ನು ಪರೀಕ್ಷಿಸಿ ಎಚ್ಚರಿಕೆ ಹೊರಡಿಸುತ್ತ ಬಂದಿದೆ. ಎಂಡಿಎಂಎ ದೇಹದ ಶಾಖ ಏರಿಸುತ್ತದೆ. ಅದರ ಹೆದರಿಕೆಯಿಂದ ಒಮ್ಮೆಗೇ ಲೀಟರ್‌ಗಟ್ಟಲೆ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿದು ಅದೂ ಪ್ರಾಣಕ್ಕೆ ಬರಬಹುದು.

ಯಾರಾದರೂ ಮೈ ಕೆಂಡದಂತೆ ಸುಡುತ್ತ, ತೊದಲುತ್ತ, ಗೊಂದಲದಲ್ಲಿದ್ದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ಗಾಳಿಯಾಡುವ ಕಡೆ ಕರೆತಂದು ಕೂಡಲೇ ವೈದ್ಯಕೀಯ ಸಿಬ್ಬಂದಿಗೆ ಹೇಳಿ. ಏನು ತೆಗೆದುಕೊಂಡಿದ್ದಾರೆಂದು ಗೊತ್ತಿದ್ದರೆ ಮುಚ್ಚಿಡಬೇಡಿ. ಅವರ ಕೆಲಸ ಜೀವ ಉಳಿಸುವುದು. ಹೊರಗಿದ್ದರೆ 999ಕ್ಕೆ ಕರೆ ಮಾಡಿ.

ಮನೆಗೆ ದಾರಿ

ಹೋಗುವ ಮೊದಲೇ ಬರುವ ದಾರಿ ಗೊತ್ತಿರಬೇಕು. ಬೆಂಗಳೂರಿನ ಪಬ್‌ಗಳು ರಾತ್ರಿ 1ಕ್ಕೆ ಮುಚ್ಚುತ್ತವೆ, ಇಲ್ಲಿ ಕೆಲವು ರಾತ್ರಿಗಳು ಬೆಳಗಿನ ಜಾವಕ್ಕೆ ಮುಗಿಯುತ್ತವೆ. ಟ್ರಾಮ್ ಅಷ್ಟು ಹೊತ್ತಿಗೆ ನಿಂತಿರುತ್ತದೆ. ಭಾನುವಾರ ಬೆಳಿಗ್ಗೆ ರೈಲುಗಳು ಉಳಿದ ದಿನಗಳಿಗಿಂತ ತಡವಾಗಿ ಶುರುವಾಗುತ್ತವೆ. ಇಲ್ಲಿನ ಸಾರ್ವಜನಿಕ ಸಾರಿಗೆ ವ್ಯವಸ್ಥೆಯಾದ ಬೀ ನೆಟ್‌ವರ್ಕ್ 2024ರ ಸೆಪ್ಟೆಂಬರ್‌ನಲ್ಲಿ ವಿ1 ಮತ್ತು 36 ಮಾರ್ಗಗಳಲ್ಲಿ ರಾತ್ರಿ ಬಸ್ ಪ್ರಯೋಗ ಆರಂಭಿಸಿತು, ನಿಮ್ಮ ದಿಕ್ಕಿಗೆ ಈಗ ಏನಿದೆ ಎಂದು ಅದರ ಆ್ಯಪ್‌ನಲ್ಲಿ ನೋಡಿ. ಕಪ್ಪು ಟ್ಯಾಕ್ಸಿಗಳನ್ನು ರಸ್ತೆಯಲ್ಲೇ ಕೈ ತೋರಿಸಿ ನಿಲ್ಲಿಸಬಹುದು. ಉಳಿದ ಬಾಡಿಗೆ ಕಾರುಗಳನ್ನು ಮುಂಗಡ ಬುಕ್ ಮಾಡಲೇಬೇಕು. ಬುಕ್ ಮಾಡದೆ "ಎಲ್ಲಿಗೆ?" ಎಂದು ಕೇಳುವ ಕಾರು ಹತ್ತಬೇಡಿ. ಎಲ್ಲರೂ ಒಟ್ಟಿಗೆ ಹೊರಬೀಳುವ ಗಳಿಗೆಯಲ್ಲಿ ಆ್ಯಪ್ ದರ ಜಿಗಿಯುತ್ತದೆ. ಕೊನೆಗಿಂತ ಅರ್ಧ ಗಂಟೆ ಮೊದಲು ಹೊರಟರೆ ಕೋಟೂ ಬೇಗ ಸಿಗುತ್ತದೆ, ಕಾರೂ ಅಗ್ಗ. ಬೇಗ ಬಂದವರಿಗೆ ಹಾಗೆ ಹೊರಡಲು ಸಂಕಟವೂ ಆಗುವುದಿಲ್ಲ.

ಅಕ್ಟೋಬರ್‌ನ ಕೊನೆಯ ಭಾನುವಾರ ಬೆಳಗಿನ ಜಾವ 2ಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆ ರಾತ್ರಿಯ ಕಾರ್ಯಕ್ರಮಕ್ಕೆ ಹೋಗುವವರು ಮುಗಿಯುವ ಹೊತ್ತನ್ನು ಸರಿಯಾಗಿ ತಿಳಿದುಕೊಂಡು ಟ್ಯಾಕ್ಸಿ ಹೇಳಿ. ಅಲ್ಲಿಂದ ಮಾರ್ಚ್‌ವರೆಗೆ ಭಾರತ ಐದೂವರೆ ಗಂಟೆ ಮುಂದೆ. ನೀವು ನಾಲ್ಕಕ್ಕೆ ಮನೆ ಸೇರಿದಾಗ ಊರಲ್ಲಿ ಒಂಬತ್ತೂವರೆ, ಅಮ್ಮನ ಫೋನ್ ಬರುವ ಹೊತ್ತು. ಹಿಂದಿನ ದಿನವೇ "ನಾಳೆ ಮಧ್ಯಾಹ್ನದ ಮೇಲೆ ಮಾಡ್ತೀನಿ" ಎಂದು ಹೇಳಿಟ್ಟರೆ ಇಬ್ಬರಿಗೂ ನೆಮ್ಮದಿ.

ಮರುದಿನ

ಕಿವಿ ಗುಂಯ್‌ಗುಟ್ಟಿದರೆ ಆ ದಿನ ಇಯರ್‌ಫೋನ್ ಮುಟ್ಟಬೇಡಿ. ಎರಡು ದಿನ ಕಳೆದರೂ ನಿಲ್ಲದಿದ್ದರೆ ನಿಮ್ಮ ಜಿಪಿಗೆ, ಅಂದರೆ ನೀವು ಹೆಸರು ನೋಂದಾಯಿಸಿದ ಸ್ಥಳೀಯ ವೈದ್ಯರಿಗೆ, ತೋರಿಸಿ, ಆರೋಗ್ಯ ಸಲಹೆಯ ಸಂಖ್ಯೆಯಾದ 111ಕ್ಕೆ ಕರೆ ಮಾಡಿಯೂ ಕೇಳಬಹುದು. ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿದಂತಾಗಿ ಕೇಳದೆ ಹೋದರೆ ಕಾಯದೆ ಅಂದೇ ವೈದ್ಯರನ್ನು ಕಾಣಿ. ಏನಾದರೂ ಕಳೆದುಹೋಗಿದ್ದರೆ ಆಯೋಜಕರ 'ಲಾಸ್ಟ್ ಪ್ರಾಪರ್ಟಿ' ಅರ್ಜಿ ತುಂಬಿ, ಬ್ಯಾಂಕ್ ಕಾರ್ಡ್ ಮಾತ್ರ ಕೂಡಲೇ ಬ್ಲಾಕ್ ಮಾಡಿ.

ಆಮೇಲೆ ಆ ರಾತ್ರಿಯ ವೇಳಾಪಟ್ಟಿ ತೆಗೆದು ಮೊದಲ ಒಂದೂವರೆ ಗಂಟೆ ನುಡಿಸಿದವರ ಹೆಸರು ಹುಡುಕಿ. ಪೋಸ್ಟರಿನ ತಳದಲ್ಲಿ ಚಿಕ್ಕಕ್ಷರದಲ್ಲಿರುತ್ತದೆ. ಅವರು ಇದೇ ಊರಿನವರಾಗಿದ್ದರೆ ಮುಂದಿನ ತಿಂಗಳು ಯಾವುದೋ ನೆಲಮಾಳಿಗೆಯಲ್ಲಿ, ಅಥವಾ ಸಾಲ್ಫರ್ಡ್‌ನ ಹಳೆಯ ಗ್ಯಾರೇಜಿನಲ್ಲಿ ನಡೆಯುವ 'ದಿ ವೈಟ್ ಹೋಟೆಲ್'ನಂಥ ಕಡೆ, ಕೆಲವು ನೂರು ಜನರಿಗೆ ಮೂರ್ನಾಲ್ಕು ಗಂಟೆ ನುಡಿಸುತ್ತಿರಬಹುದು. ಅಲ್ಲಿ ಟಿಕೆಟ್ ಅಗ್ಗ, ಅಬ್ಬರದ ಹಾಡನ್ನು ಇನ್ನೊಬ್ಬರಿಗಾಗಿ ತೆಗೆದಿಡುವ ಹಂಗೂ ಅವರಿಗಿಲ್ಲ. ಎರಡನೆಯ ರಾತ್ರಿಯ ದುಡ್ಡನ್ನು ಅಲ್ಲಿ ಹಾಕಿ.